ನರ್ಸಿಂಗ್ ಈ ವರ್ಷವೋ, ಮುಂದಿನ ವರ್ಷವೋ?

ಎಲ್ಲರಿಗೂ ನಮಸ್ಕಾರ ರೀ. ಬಿಎಸ್‌ಸಿ ನರ್ಸಿಂಗ್ ಒಂದು ವರ್ಷ ಮುಂದೂಡಬೇಕಾ ಅಂತ ಗುಂಪಿನಲ್ಲಿ ಮೆಸೇಜ್ ಮೇಲೆ ಮೆಸೇಜ್ ಬರುತ್ತಿವೆ. ಸುಮ್ನೆ "ಬಿಡು, ಆಮೇಲೆ ನೋಡೋಣ" ಅನ್ನುವ ಮೊದಲು ಇಷ್ಟು ಓದಿ.

ಪಿಯುಸಿ ಅಂಕ ಎಲ್ಲಿಗೂ ಹೋಗುವುದಿಲ್ಲ. ಆದರೆ ಸಿಇಟಿ ರ‍್ಯಾಂಕ್ ಆ ವರ್ಷಕ್ಕಷ್ಟೇ. ಈಗ ಬಿಟ್ಟರೆ ಮತ್ತೆ ಅರ್ಜಿ, ಮತ್ತೆ ಪರೀಕ್ಷೆ. ಸೇರಿ ಬಿಡುವುದಂತೂ ಇನ್ನೂ ದೊಡ್ಡ ತಲೆನೋವು. ಅಂಕಪಟ್ಟಿ, ಟಿಸಿಗೆ ಅಲೆದಾಟ ಬೇರೆ. ಫೀ ಪೂರ್ತಿ ವಾಪಸ್ ಬರುತ್ತದೆ ಅಂತ ನಂಬಿ ಕೂರಬೇಡಿ. ತೀರ್ಮಾನ ಹಣ ಕಟ್ಟುವ ಮೊದಲೇ ಆಗಲಿ.

ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬದಿದ್ದರೆ ಕಾಯಲೇಬೇಕು, ಮಾತೇ ಇಲ್ಲ. ಮನೆಯಲ್ಲಿ ಯಾರಿಗಾದರೂ ಜಡ್ಡು ಜಾಸ್ತಿ ಇದ್ದರೂ ಕಾಯುವುದು ತಪ್ಪಲ್ಲ. ನಾಲ್ಕು ವರ್ಷದ ಕೋರ್ಸ್ ಇದು. ತಪ್ಪಿಸಿಕೊಂಡ ವಾರ್ಡ್ ಡ್ಯೂಟಿಯನ್ನು ಪದವಿ ಕೈಗೆ ಬರುವ ಮೊದಲು ಮಾಡಿ ಮುಗಿಸಲೇಬೇಕು. ಇಂಡಿಯಿಂದ ದಿನಾ ಬಸ್ ಹಿಡಿದು ವಿಜಯಪುರದಲ್ಲಿ ಬೆಳಗಿನ ಡ್ಯೂಟಿಗೆ ನಿಲ್ಲುತ್ತೇನೆ ಅನ್ನುವವರು ಹಾಸ್ಟೆಲ್ ಖರ್ಚನ್ನೂ ಈಗಲೇ ಲೆಕ್ಕ ಹಾಕಿ.

ಬರೀ ದುಡ್ಡಿನ ಚಿಂತೆ ಇದ್ದರೆ ಮುಂದೂಡಬೇಡಿ. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ, ಬ್ಯಾಂಕಿನಲ್ಲಿ ಸಾಲ ಕೇಳಿ. ಸೀಟು ಸಿಗದಿದ್ದರೆ ಮೂರು ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಇದೆ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ನರ್ಸಿಂಗ್ ಮಾಡಬಹುದು. "ಗಂಡು ನೋಡ್ತಿದ್ದೀವಿ, ಅದಕ್ಕೇ ತಡ" ಅನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹುಡುಗಿಯನ್ನೇ ಒಂದು ಮಾತು ಕೇಳಿ, ಅಲ್ವಾ?

ಪ್ರಶ್ನೆ ಇದ್ದವರು ರ‍್ಯಾಂಕ್, ಊರು ಬರೆದು ಇಲ್ಲೇ ಹಾಕಿ. ಆಧಾರ್, ಹಾಲ್ ಟಿಕೆಟ್ ಫೋಟೊ ಹಾಕಬೇಡಿ.