ಡ್ರಾಪ್ಸ್‌ಗೂ ಮೊದಲು ಮಸಾಜ್ ಕಲಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಹುಟ್ಟಿ ಕೆಲವೇ ವಾರಗಳಾದ ಮಗುವಿನ ಒಂದು ಕಣ್ಣು ಸದಾ ಒದ್ದೆ. ಬೆಳಿಗ್ಗೆ ನೋಡಿದರೆ ರೆಪ್ಪೆಗಳು ಪಿಸುರಿನಿಂದ ಅಂಟಿಕೊಂಡಿರುತ್ತವೆ, ಆದರೆ ಕಣ್ಣಿನ ಬಿಳಿಭಾಗ ಬೆಳ್ಳಗೇ ಇರುತ್ತದೆ. ಇಂಥ ಮಗುವಿಗೆ ಆಂಟಿಬಯಾಟಿಕ್ ಡ್ರಾಪ್ಸ್ ಬರೆದು ಕಳಿಸಿದರೆ, ಹಾಕಿದಷ್ಟು ದಿನ ಪಿಸುರು ಕಡಿಮೆ, ನಿಲ್ಲಿಸಿದ ಮೇಲೆ ಮತ್ತೆ ಅದೇ. ಕಣ್ಣೀರು ಮೂಗಿಗೆ ಇಳಿಯುವ ನಾಳದ ಕೆಳತುದಿಯಲ್ಲಿ ಒಂದು ತೆಳು ಪೊರೆ ಹುಟ್ಟಿದ ಮೇಲೂ ತೆರೆದುಕೊಳ್ಳದೆ ಉಳಿದಿರುತ್ತದೆ. ಡ್ರಾಪ್ಸ್ ಅದನ್ನು ತೆರೆಯಲಾರದು. ಕಣ್ಣೀರಿನ ಚೀಲವನ್ನು ಒತ್ತಿ ಕೆಳಗೆ ಎಳೆಯುವ ಮಸಾಜ್ ತೆರೆಯಬಲ್ಲದು.

ಲಸಿಕೆಗೆ ಬಂದಾಗಲೇ ದಾದಿಯರು ಹೆತ್ತವರ ಬೆರಳು ಹಿಡಿದು ಮಸಾಜ್ ಕಲಿಸುವಂತೆ ಆದೇಶಿಸಿ ಎಂಬುದು ನಮ್ಮ ಕೋರಿಕೆ. ಬಾಯಲ್ಲಿ ಹೇಳಿದರೆ ಸಾಲದು. ಹಾಗೆ ಕೇಳಿಸಿಕೊಂಡು ಹೋದವರು ಮೂಗಿನ ಪಕ್ಕ ಮೆಲ್ಲಗೆ ಸವರುತ್ತಾರೆ. ಚರ್ಮ ಕೆಂಪಾಗುತ್ತದೆಯೇ ಹೊರತು ನಾಳಕ್ಕೆ ಏನೂ ತಲುಪುವುದಿಲ್ಲ.

ಉಗುರು ಕತ್ತರಿಸಿ, ಕೈ ತೊಳೆದು, ಕಣ್ಣಿನ ಒಳಮೂಲೆಗೂ ಮೂಗಿನ ಎಲುಬಿಗೂ ನಡುವಿನ ತಗ್ಗಿನಲ್ಲಿ ತೋರುಬೆರಳ ತುದಿ ಇಡಬೇಕು. ಕಣ್ಣೀರಿನ ಚೀಲ ಇರುವುದು ಅಲ್ಲೇ. ಗುಡ್ಡೆ ಮುಟ್ಟದಂತೆ ಮೊದಲು ಒಳಗೆ ಒತ್ತಿ, ಒತ್ತಡ ಬಿಡದೆ ಮೂಗಿನ ಗುಂಟ ಕೆಳಗೆ ಎಳೆಯಬೇಕು. ಎಷ್ಟು ಒತ್ತಬೇಕು? ಒತ್ತುವವರ ಉಗುರು ಬಿಳಿಚಿಕೊಳ್ಳುವಷ್ಟು. ಒಂದು ಸಲಕ್ಕೆ 10 ಬಾರಿ, ದಿನಕ್ಕೆ 4 ಸಲ. ಒತ್ತಿದಾಗ ಪಿಸುರು ಮೇಲೆ ಬಂದರೆ ಹೆದರುವುದು ಬೇಡ, ಬೆರಳು ಸರಿಯಾದ ಜಾಗದಲ್ಲಿದೆ ಎಂದರ್ಥ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರಾಯಿತು. ಪ್ರತಿ ಕಣ್ಣಿಗೂ ಬೇರೆ ಹತ್ತಿ. ಪಿಸುರು ಹಳದಿಯಾಗಿ ಗಟ್ಟಿಯಾದರೆ, ಕಣ್ಣು ಕೆಂಪಾದರೆ ಮಾತ್ರ ಡ್ರಾಪ್ಸ್.

10ರಲ್ಲಿ ಸುಮಾರು 9 ಮಕ್ಕಳಿಗೆ ವರ್ಷ ತುಂಬುವುದರೊಳಗೆ ನಾಳ ತೆರೆದುಕೊಳ್ಳುತ್ತದೆ. ಉಳಿದವರಿಗೆ ಪ್ರೋಬಿಂಗ್ ಇದೆ: ಅರಿವಳಿಕೆ ಕೊಟ್ಟು ಸಪೂರ ಲೋಹದ ಕಡ್ಡಿಯಿಂದ ಪೊರೆ ಬಿಡಿಸುವ ಕೆಲವೇ ನಿಮಿಷದ ಕೆಲಸ. ವರ್ಷ ಕಳೆದರೂ ನೀರು ನಿಲ್ಲದಿದ್ದರೆ ಕಣ್ಣಿನ ವೈದ್ಯರಲ್ಲಿಗೆ ಕಳಿಸಬೇಕು ಎಂಬ ಸಾಲು ಲಸಿಕೆ ಕಾರ್ಡಿನಲ್ಲೇ ಅಚ್ಚಾಗಲಿ.

ಕೆಲವು ಮಕ್ಕಳನ್ನಂತೂ ಅಂದೇ ಕಳಿಸಬೇಕು. ಮೊದಲ ತಿಂಗಳಲ್ಲೇ ರೆಪ್ಪೆ ಊದಿ ಕೀವು ಸುರಿಯುವುದು, ಒಳಮೂಲೆಯ ಕೆಳಗೆ ನೀಲಿ ಗಂಟು, ಕೆಂಪಗೆ ಬಿಸಿಯಾದ ಊತ (ಇದಕ್ಕೆ ಮಸಾಜ್ ಕೂಡದು). ನಮಗೆ ಹೆಚ್ಚು ಭಯವಿರುವುದು ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವ, ಕಪ್ಪುಗುಡ್ಡೆ ಮಂಜಾದ ಅಥವಾ ದೊಡ್ಡದಾಗಿ ಕಾಣುವ ಮಗುವಿನ ಬಗ್ಗೆ. ಅದು ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ, ಇರಬಹುದು. ಮಸಾಜ್ ಹೇಳಿ ಮನೆಗೆ ಕಳಿಸಿದರೆ ದೃಷ್ಟಿಯೇ ಹೋದೀತು. ದಾದಿಯರಿಗೆ ತರಬೇತಿಯ ಜೊತೆ ಒಂದು ಟಾರ್ಚ್ ಕೂಡ ಕೊಡಿಸಿ.

ಇಂತಿ,
ಮಕ್ಕಳ ಕಣ್ಣಿನ ವೈದ್ಯರು