ಲಿಂಕ್ ಹಂತ ದಾಟಿಸಿದವರಿಗೆ ಥ್ಯಾಂಕ್ಸ್

ಹೆಸರು ಹೇಳದೆ ಸಹಾಯ ಮಾಡಿ ಹೋದಿರಿ. ಎಲ್ಲಿದ್ದೀರೋ ಗೊತ್ತಿಲ್ಲ, ಅದಕ್ಕೆ ಇಲ್ಲೇ ಹೇಳುತ್ತೇನೆ.

ಹಳೆಯ ಎಚ್‌ಪಿ-ಯುಎಕ್ಸ್ (ಎಚ್‌ಪಿಯ ಯುನಿಕ್ಸ್) ಯಂತ್ರದಲ್ಲಿ ಸೂಡೂ, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ, ಸೋರ್ಸ್ ಕೋಡಿನಿಂದ ಬಿಲ್ಡ್ ಮಾಡಬೇಕಿತ್ತು. ಕಂಪೈಲ್ ಸಲೀಸಾಗಿ ಆಗುತ್ತಿತ್ತು, ಅದನ್ನು ಲೈಬ್ರರಿಗಳ ಜೊತೆ ಜೋಡಿಸುವ ಲಿಂಕ್ ಹಂತಕ್ಕೆ ಬಂದರೆ ಬಿಗ್‌ಕ್ರಿಪ್ಟ್ ಎಂಬ ಪಾಸ್‌ವರ್ಡ್ ಎನ್‌ಕ್ರಿಪ್ಟ್ ಮಾಡುವ ಫಂಕ್ಷನ್ ಸಿಗುತ್ತಿಲ್ಲ ಎಂದು ನಿಂತುಬಿಡುತ್ತಿತ್ತು. ಲಿಂಕ್ ಸಾಲಿಗೆ ಮೈನಸ್ ಎಲ್-ಸೆಕ್ (-lsec, ಅಂದರೆ ಸೆಕ್ ಲೈಬ್ರರಿ) ಸೇರಿಸಿ ನೋಡಿ ಅಂದಿರಿ. ಅಷ್ಟಕ್ಕೇ ಬಿಡಬಹುದಿತ್ತು, ಅಲ್ವಾ? ಆದರೆ ಕಾರಣವನ್ನೂ ಬಿಡಿಸಿ ಹೇಳಿದಿರಿ. ನನಗೆ ಜಾಸ್ತಿ ಉಪಯೋಗ ಆಗಿದ್ದು ಅದೇ.

ಇದೇ ಕೆಲಸದ ಮಾಮೂಲಿ ಫಂಕ್ಷನ್ ಕ್ರಿಪ್ಟ್, ಪಾಸ್‌ವರ್ಡಿನ ಮೊದಲ 8 ಅಕ್ಷರ ಮಾತ್ರ ನೋಡುತ್ತದೆ. ಬಿಗ್‌ಕ್ರಿಪ್ಟ್ ಉದ್ದದ ಪಾಸ್‌ವರ್ಡನ್ನು 8 ಅಕ್ಷರಗಳ ತುಂಡು ಮಾಡಿ, ಒಂದೊಂದನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡುತ್ತದೆ. ಎಚ್‌ಪಿ-ಯುಎಕ್ಸ್‌ನ ಹೆಚ್ಚು ಭದ್ರತೆಯ ಟ್ರಸ್ಟೆಡ್ ಮೋಡ್‌ನಲ್ಲಿ, ಬಳಕೆದಾರರ ಪಟ್ಟಿ ಇರುವ ಇಟಿಸಿ ಪಾಸ್‌ವರ್ಡ್ ಫೈಲಿನಲ್ಲಿ (/etc/passwd) ಪಾಸ್‌ವರ್ಡ್ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆ ಇರುತ್ತದೆ. ನಿಜವಾದ ಹ್ಯಾಶ್ (ಎನ್‌ಕ್ರಿಪ್ಟ್ ಆದ ಪಾಸ್‌ವರ್ಡ್) ಟಿಸಿಬಿ (/tcb) ಡೈರೆಕ್ಟರಿಯೊಳಗೆ, ಬಳಕೆದಾರರಿಗೆ ಒಂದೊಂದು ಫೈಲಿನಲ್ಲಿ. ಅದನ್ನು ಓದುವ ಗೆಟ್‌ಪಿಆರ್‌ಪಿಡಬ್ಲ್ಯುನ್ಯಾಮ್ (getprpwnam) ಫಂಕ್ಷನ್ ಕೂಡ ಅದೇ ಸೆಕ್ ಲೈಬ್ರರಿಯಲ್ಲಿದೆ. ಹಾಗಾಗಿ ಬಿಗ್‌ಕ್ರಿಪ್ಟ್ ಕರೆಯನ್ನು ಸುಮ್ನೆ ತೆಗೆದುಹಾಕಿ ಬಿಲ್ಡ್ ಮುಗಿಸಿದ್ದರೆ, 8 ಅಕ್ಷರಕ್ಕಿಂತ ಉದ್ದದ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಸೂಡೂ ತಪ್ಪು ಅನ್ನುತ್ತಿತ್ತು.

ಬಿಲ್ಡ್‌ಗೆ ಮುಂಚೆ ನಡೆಯುವ ತಪಾಸಣೆಗಳ ದಾಖಲೆಯಾದ ಕಾನ್ಫಿಗ್ ಲಾಗ್ ಓದುವುದನ್ನೂ ಕಲಿಸಿದಿರಿ. ಬೇಜಾರಿನ ಕೆಲಸ, ಆದರೆ ಉತ್ತರ ಅಲ್ಲೇ ಇತ್ತು.

ಈಗ ಬಿಲ್ಡ್ ಆಗಿದೆ, ಪಾಸ್‌ವರ್ಡೂ ಒಪ್ಪುತ್ತಿದೆ. ತುಂಬಾ ಥ್ಯಾಂಕ್ಸ್. ಎಂದಾದರೂ ಸಿಕ್ಕರೆ ಕಾಫಿ ನನ್ನ ಲೆಕ್ಕದಲ್ಲಿ.