ಅಪ್ಪಾಜಿಗೆ, ಜಾರೋ ಊರಿಂದ ಬಂದ್ಮೇಲೆ

ಅಪ್ಪಾಜಿ, ನಮಸ್ಕಾರ. ಇದನ್ನ ಫೋನಲ್ಲಿ ಹೇಳೋಕೆ ಹೋದ್ರೆ ಗಂಟಲು ಕಟ್ಟುತ್ತೆ, ಅದಕ್ಕೇ ಬರೀತಿದೀನಿ, ಅವ್ವಗೂ ಓದಿ ಹೇಳಿ.

ನಿನ್ನೆ ರಜೆ ಇತ್ತು, ಇಲ್ಲಿ ಇಂಗ್ಲೆಂಡಲ್ಲಿ ನ್ಯೂಕ್ಯಾಸಲ್‌ನಿಂದ ಮೆಟ್ರೋ ಹತ್ತಿ ಜಾರೋ (Jarrow) ಅನ್ನೋ ಊರಿಗೆ ಹೋಗಿದ್ದೆ. ಸ್ಟೇಷನ್‌ನಲ್ಲೇ ಸಾಲಾಗಿ ನಡ್ಕೊಂಡು ಹೋಗ್ತಿರೋ ಗಂಡಸರ ಶಿಲ್ಪ ಇದೆ. 1936ರ ಕತೆ, ಎರಡನೇ ಮಹಾಯುದ್ಧಕ್ಕೆ ಮೂರು ವರ್ಷ ಮುಂಚೆ. ಊರಿಗೆಲ್ಲಾ ಅನ್ನ ಹಾಕ್ತಿದ್ದ ಪಾಮರ್ಸ್ ಹಡಗು ಕಾರ್ಖಾನೆ ಮುಚ್ಚಿಹೋಗಿತ್ತು. ಕೆಲಸ ಇಲ್ಲದೋರಿಗೆ ಸರ್ಕಾರ ಭತ್ಯೆ ಕೊಡ್ತಿತ್ತು, ಆದ್ರೆ ಅಧಿಕಾರಿ ಮನೆ ಒಳಗೇ ಬಂದು ಯಾರು ಎಷ್ಟು ದುಡೀತಾರೆ ಮಾರೋ ಸಾಮಾನು ಏನಿದೆ ಅಂತ ನೋಡೋನು, ಮಗಳು ನಾಕು ಕಾಸು ದುಡಿದ್ರೆ ಅಪ್ಪನ ಭತ್ಯೆ ಕಟ್. ನಿಮ್ಮ ಮಿಲ್ ಮುಚ್ಚಿದ ವರ್ಷ ನನ್ನ ಟ್ಯೂಷನ್ ದುಡ್ಡು ಇಸ್ಕೊಳ್ಳೋವಾಗ ನೀವು ಆ ಕಡೆ ಮುಖ ತಿರುಗಿಸ್ತಿದ್ರಲ್ಲ, ಅದು ನೆನಪಾಯ್ತು.

ಅಕ್ಟೋಬರ್ 5ಕ್ಕೆ 200 ಜನ ಲಂಡನ್‌ಗೆ ನಡೆದೇ ಹೊರಟ್ರು, ಸುಮಾರು 450 ಕಿಲೋಮೀಟರ್! ಭಿಕ್ಷೆ ಅಲ್ಲ, ಕೆಲಸ ಕೊಡಿ ಅಂತ. ಓಕ್ ಮರದ ಪೆಟ್ಟಿಗೇಲಿ 11,000ಕ್ಕೂ ಜಾಸ್ತಿ ಸಹಿ ಇದ್ದ ಮನವಿ. ಅವರ ಎಂಪಿ ಎಲೆನ್ ವಿಲ್ಕಿನ್ಸನ್ ಮಧ್ಯೆ ಮಧ್ಯೆ ತಾವೂ ನಡೆದ್ರು, ಆಕೆಯ ಲೇಬರ್ ಪಕ್ಷದ ನಾಯಕರೇ ಬೆನ್ನಿಗೆ ನಿಲ್ಲದಿದ್ರೂ. ಲೆಸ್ಟರ್‌ನಲ್ಲಿ ಸಹಕಾರಿ ಸಂಘದ ಬೂಟು ಹೊಲಿಯೋರು ರಾತ್ರಿಯೆಲ್ಲಾ ಕೂತು ಕೂಲಿ ತಗೊಳ್ದೆ ಇವರ ಬೂಟು ರಿಪೇರಿ ಮಾಡಿಕೊಟ್ರು. ಒಬ್ಬಾತ ತನಗೆ ಕೊಟ್ಟ ಸ್ಯಾಂಡ್‌ವಿಚ್ಚಿಂದ ಮಾಂಸ ತೆಗೆದು ಲಕೋಟೆಗೆ ಹಾಕಿ ಹೆಂಡ್ತಿ ಮಕ್ಕಳಿಗೆ ಕಳಿಸಿದ್ನಂತೆ. ನೀವು ಯೂನಿಯನ್ ಮೀಟಿಂಗಲ್ಲಿ ಕೊಟ್ಟ ಬಿಸ್ಕೆಟ್ಟು ಜೇಬಲ್ಲಿ ಇಟ್ಕೊಂಡು ತರ್ತಿದ್ರಿ, ಪುಡಿಪುಡಿ ಆಗಿರೋದು.

ಅಷ್ಟು ದೂರ ನಡೆದು ಬಂದೋರನ್ನ ಪ್ರಧಾನಿ ಬಾಲ್ಡ್ವಿನ್ ಭೇಟಿನೇ ಆಗ್ಲಿಲ್ಲ. ಪಾರ್ಲಿಮೆಂಟಲ್ಲಿ ಮನವಿ ತಗೊಂಡ್ರು, ಚರ್ಚೆ ಇಲ್ಲ. ಮನೆಗೆ ಬಂದು ನೋಡಿದ್ರೆ ಭತ್ಯೇನೂ ಕಡಿದಿದ್ರು, ಊರಲ್ಲಿ ಇರ್ಲಿಲ್ವಲ್ಲ, ಕೆಲಸ ಬಂದಿದ್ರೆ ಯಾರು ಮಾಡ್ತಿದ್ರು ಅಂತ! ಕೊನೆಗೆ ಜಾರೋ ಇರೋ ಟೈನ್ ನದಿ ದಂಡೆಗೆ ಕೆಲಸ ವಾಪಸ್ ತಂದದ್ದು ಯುದ್ಧದ ತಯಾರಿ. ಹಡಗು ಕಟ್ಟೋರ ಹೊಟ್ಟೆಗೆ ಇಲ್ಲದ ದುಡ್ಡು ಯುದ್ಧದ ಹಡಗಿಗೆ ಎಲ್ಲಿಂದ ಬಂತು ಅಪ್ಪಾಜಿ? ಅಲ್ಲೇ ನಿಂತು ಅತ್ತುಬಿಟ್ಟೆ.

ದಾವಣಗೆರೆಯಿಂದ ನೀವೆಲ್ಲಾ ಬಾಕಿ ಕೇಳೋಕೆ ಬೆಂಗಳೂರಿಗೆ ಹೋಗಿ ಬಂದ ರಾತ್ರಿ ಊಟ ಮಾಡದೆ ಮಲಗಿದ್ರಿ, ನಾನು ಏನೂ ಕೇಳ್ಲಿಲ್ಲ. ಆಗ ನೀವು ಕೊಟ್ಟ ಮನವಿಯ ಕಾಪಿ ಟ್ರಂಕಲ್ಲಿ ಇದೆಯಾ? ತೆಗೆದಿಡಿ. ಬಂದಾಗ ನಿಮ್ಮ ಪಕ್ಕ ಕೂತು ಓದ್ಬೇಕು, ಸಹಿ ಹಾಕಿದೋರು ಯಾರ್ಯಾರು ಅಂತ ನೀವು ಹೇಳ್ಬೇಕು.

ನಿಮ್ಮ ಮಗಳು